ಮೂರು ಮನೆಯಲ್ಲಿದ್ದ ಒಂದು ಚೀಲ

ಆ ನೀಲಿ ಚೀಲ ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಎರಡು ವರ್ಷ ನೇತಾಡಿತು. ಚೈನು ಸರಿಯಿತ್ತು, ಹಿಡಿ ಗಟ್ಟಿಯಿತ್ತು, ಸಂತೆಗೆ ಒಯ್ಯಲು ಹೇಳಿ ಮಾಡಿಸಿದಂತಿತ್ತು. ಆದರೂ ನಾನು ಅದರಲ್ಲಿ ಒಂದು ಈರುಳ್ಳಿಯನ್ನೂ ಹಾಕಿ ತಂದವಳಲ್ಲ. ಒಮ್ಮೆ ಮದುವೆಗೆ ಹೊರಟಾಗ ನನ್ನ ಗಂಡ ಅದಕ್ಕೆ ಕೈ ಹಾಕಿದ್ದಕ್ಕೆ ನಾನು ರೇಗಿದ ರೀತಿ ನೋಡಿ, ಆಮೇಲೆ ಅವರು ಅದರ ಸುದ್ದಿಗೆ ಬರಲಿಲ್ಲ.

ಅದು ನಮ್ಮ ಬೀದಿಯ ಕೊನೆಮನೆಯ ಸೊಸೆಯ ಚೀಲ. ಸಾಸಲು ಹೋಬಳಿಯ ನಮ್ಮ ಊರಿಗೆ ನಾನು ಆಶಾ ಕಾರ್ಯಕರ್ತೆ. ನನ್ನ ಸ್ವಂತ ಹೆಸರು ಊರಿಗೆ ಮರೆತೇಹೋಗಿದೆ, ಎಲ್ಲರಿಗೂ ನಾನು ಆಶಕ್ಕ. ಬಸುರಿಯರಿಗೆ ಏಳು ತಿಂಗಳು ತುಂಬಿದ ಮೇಲೆ ಮನೆಗೆ ಹೋಗಿ, ಎದುರು ಕೂತು, ಆಸ್ಪತ್ರೆಗೆ ಒಯ್ಯುವ ಚೀಲ ಕಟ್ಟಿಸುವುದು ನನ್ನ ಕೆಲಸಗಳಲ್ಲೊಂದು. ನಿಜ ಹೇಳಬೇಕೆಂದರೆ ನನಗೆ ಬಹಳ ಇಷ್ಟವಾದ ಕೆಲಸವೂ ಅದೇ. ನನಗೆ ಪಟ್ಟಿಯ ಹುಚ್ಚು. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್ ಜೆರಾಕ್ಸು ಒಂದು ಕವರಿನಲ್ಲಿ. ಮುಂದೆ ಗುಂಡಿ ಇರುವ ನೈಟಿ ಎರಡು, ಒಳಲಂಗ, ಕಿವಿಗೆ ಕಟ್ಟಲು ಸ್ಕಾರ್ಫು, ಕಾಲುಚೀಲ, ಪ್ಯಾಡು. ಫ್ಲಾಸ್ಕು, ಲೋಟ, ತಟ್ಟೆ, ಸೋಪು, ಫೋನಿನ ಚಾರ್ಜರು. ಮಗುವಿಗೆ ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿ ಬಟ್ಟೆ ಆರು, ಟೋಪಿ ಒಂದು. ಒಂದೊಂದಕ್ಕೂ ಟಿಕ್ ಹಾಕಿ ಚೈನು ಎಳೆದಾಗ ನನಗೆ ಅರ್ಧ ಹೆರಿಗೆ ಆದಷ್ಟು ಸಮಾಧಾನವಾಗುತ್ತಿತ್ತು.

ಮೊದಲ ಸಲ ಈ ಹುಡುಗಿಯ ಚೀಲ ಕಟ್ಟಲು ಹೋದಾಗ ಅವಳ ಅತ್ತೆಯಮ್ಮ ತಡೆದಿದ್ದರು. ಹುಡುಗಿಗೆ ತವರಿನಲ್ಲಿ ತಾಯಿಯಿಲ್ಲ, ಹಾಗಾಗಿ ಚೊಚ್ಚಲ ಬಾಣಂತನವೂ ಅತ್ತೆಯ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು.

"ಹುಟ್ಟೋಕ್ ಮುಂಚೆ ಮಗೂಗೆ ಬಟ್ಟೆಬರೆ ಜೋಡಿಸ್ಬಾರ್ದು ಕಣೆ ಆಶಾ" ಎಂದರು ಅತ್ತೆಯಮ್ಮ. "ನಮ್ಮಲ್ಲಿ ಆ ಪದ್ಧತಿ ಇಲ್ಲ."

ನಾನು ನಕ್ಕೆ. "ಹೊಸದು ತರಬಾರ್ದು ಅನ್ನೋದು ತಾನೆ ಅಕ್ಕ ಪದ್ಧತಿ? ಹಳೇದು ಹರ್ಕೊಡಿ. ಹಳೇ ಬಟ್ಟೆಗೆ ಯಾವ ದೋಷ?"

ಅವರು ಒಳಗಿನಿಂದ ತೀರಿಹೋದ ಗಂಡನ ಪಂಚೆಯೊಂದನ್ನು ತಂದರು. ಎಳೆ ಹಸಿರು ಅಂಚಿನದು, ಒಗೆದೂ ಒಗೆದೂ ಬೆಣ್ಣೆಯಂತಾಗಿತ್ತು. ಹಲ್ಲಿನಿಂದ ಅಂಚು ಕಚ್ಚಿ ಚರ್ರನೆ ಆರು ಚೂರು ಮಾಡಿಕೊಟ್ಟರು. ಅಂಚಿನ ಕಡೆ ಬಂದ ಚೂರುಗಳಲ್ಲಿ ಆ ಹಸಿರು ಗೆರೆ ಹಾಗೇ ಉಳಿಯಿತು.

ಒಂಬತ್ತನೇ ತಿಂಗಳಲ್ಲಿ ಒಂದು ದಿನ ಮಗು ಮಿಸುಕಾಡುವುದನ್ನು ನಿಲ್ಲಿಸಿತು. ಆಸ್ಪತ್ರೆಯವರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಚೀಲವನ್ನು ವಾಪಸು ತಂದವಳು ನಾನು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಒಳಗೆ ಆರು ಚೂರುಗಳೂ ನಾನು ಮಡಿಸಿಟ್ಟ ಮಡಿಕೆಯಲ್ಲೇ ಇದ್ದವು, ಟೋಪಿ ಅವುಗಳ ಮೇಲಿತ್ತು. ಹೊಸಿಲ ಬಳಿ ಅತ್ತೆಯಮ್ಮ ನನ್ನ ಮುಖ ನೋಡದೆ, "ಅದನ್ನ ಒಳಕ್ಕೆ ತರ್ಬೇಡ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚೀಲ ನಮ್ಮ ಮನೆಯ ಮೊಳೆಗೆ ಬಂತು. ಬಟ್ಟೆಗಳನ್ನು ಎಸೆಯಲು ಕೈ ಬರಲಿಲ್ಲ, ಮನೆಯಲ್ಲಿಟ್ಟುಕೊಳ್ಳಲು ಎದೆ ಬರಲಿಲ್ಲ. ಎದುರು ಮನೆಯ ಅಜ್ಜಿಗೆ ಕೊಟ್ಟು ಅವರ ಟ್ರಂಕಿನಲ್ಲಿ ಇಡಿಸಿದೆ. ಯಾರದು ಏನು ಎಂದು ಅಜ್ಜಿ ಕೇಳಲಿಲ್ಲ.

ಈ ವರ್ಷ ಹುಡುಗಿ ಮತ್ತೆ ಬಸುರಿಯಾದಳು. ಸಂತೋಷಕ್ಕಿಂತ ಮೊದಲು ನನ್ನ ಕಣ್ಣು ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಐದು ತಿಂಗಳವರೆಗೆ ಎಲ್ಲವೂ ನೆಟ್ಟಗಿತ್ತು. ಆರರಿಂದ ಬಿಪಿ ಏರತೊಡಗಿತು. ತಿಂಗಳ ತಪಾಸಣೆಯಲ್ಲಿ ಡಾಕ್ಟರಮ್ಮ ಹುಡುಗಿಗೆ ಹೇಳಿದ್ದನ್ನು ನಾನು ನನ್ನ ಡೈರಿಯಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಂಡೆ. "ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ, ಮಗು ಆಡೋದು ಕಮ್ಮಿ ಆದ್ರೆ, ನೋವು ಬರ್ಲಿ ಅಂತ ಕಾಯ್ಬೇಡಿ. ಉಟ್ಟಿರೋ ಬಟ್ಟೆಯಲ್ಲೇ ಹೊರಟು ಬನ್ನಿ."

ಉಟ್ಟ ಬಟ್ಟೆಯಲ್ಲಿ ಹೊರಡಬೇಕಾದರೆ ಚೀಲ ಮೊದಲೇ ಸಿದ್ಧವಿರಬೇಕು. ಅದನ್ನು ಹೇಳಲು ಹೋದರೆ ಅತ್ತೆಯಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಚೀಲ ಕಟ್ಬೇಡ. ಕೈ ಮುಗೀತೀನಿ. ಆಸ್ಪತ್ರೆಗೆ ಹೋಗು ಅನ್ನು, ಹೋಗ್ತೀವಿ. ಮಾತ್ರೆ ನುಂಗು ಅನ್ನು, ನುಂಗುಸ್ತೀನಿ. ಈ ಮನೇಲಿ ಚೀಲ ಮಾತ್ರ ಕಟ್ಬೇಡ."

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಅತ್ತೆ ಹಿತ್ತಲಿಗೆ ಹೋದಾಗ ನನ್ನ ಕೈ ಹಿಡಿದು, "ನಂಗೂ ಹೆದ್ರಿಕೆ ಆಗ್ತೈತೆ ಆಶಕ್ಕ, ಕಟ್ಟಿದ್ರೂ ಹೆದ್ರಿಕೆ, ಕಟ್ಟದೇ ಇದ್ರೂ ಹೆದ್ರಿಕೆ" ಎಂದಳು. ಹೋದ ಸಲ ನಕ್ಕು ಮಾತಾಡಿದವಳು ನಾನೇ.

ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಮೂರನೇ ದಿನ ಬಟ್ಟೆ ಒಗೆಯುತ್ತಿದ್ದಾಗ ಉಪಾಯ ಹೊಳೆಯಿತು. ಅವರು ಬೇಡ ಎಂದದ್ದು ಚೀಲವನ್ನು, ಅದೂ ಆ ಮನೆಯಲ್ಲಿ. ಸಾಮಾನುಗಳನ್ನು ಬೀದಿಯ ಬೇರೆ ಬೇರೆ ಮನೆಗಳಲ್ಲಿ, ಅದರದರ ಪಾಡಿಗೆ ಇಟ್ಟರೆ? ಬಟ್ಟೆ ಒಂದು ಮನೆಯ ಟ್ರಂಕಿನಲ್ಲಿ, ಕಾಗದ ಒಂದು ಮನೆಯ ಬೀರುವಿನಲ್ಲಿ, ಮಿಕ್ಕದ್ದು ನಮ್ಮ ಮನೆಯಲ್ಲಿ. ಯಾರೂ ಏನನ್ನೂ ಕಟ್ಟಿಲ್ಲ. ಹೊರಡುವ ಹೊತ್ತಿಗೆ ಮೂರು ಮನೆಯಿಂದ ತಂದು ಒಟ್ಟಿಗೆ ತುಂಬಿದರೆ ಆಯಿತು.

ಅತ್ತೆಯಮ್ಮನಿಗೆ ಹೇಳಿದೆ. "ನಮ್ಮನೇಲಿ ಕಟ್ಟಲ್ಲ ತಾನೆ? ಏನಾದ್ರೂ ಮಾಡ್ಕೊ, ನಂಗೆ ತೋರಿಸ್ಬೇಡ" ಎಂದರು. ಒಪ್ಪಿಗೆ ಎಂದರೆ ಅಷ್ಟೇ.

ತಾಯಿ ಕಾರ್ಡು ಹುಡುಗಿಯ ಬಳಿಯೇ ಇರಬೇಕಾದದ್ದು. ಆದರೆ ಅವರ ಮನೆಯಲ್ಲಿ ಇಲಿ ಅದರ ಒಂದು ಮೂಲೆಯನ್ನು ತಿಂದಿತ್ತು. ಬಿಪಿ ಬರೆಯುವ ಪುಟವನ್ನೂ ಬಿಟ್ಟೀತೇ ಎಂದು ನನಗೆ ದಿಗಿಲು. ಹಾಗಾಗಿ ಕಾರ್ಡು, ರಿಪೋರ್ಟು ಎಲ್ಲವನ್ನೂ ನಮ್ಮ ಪಕ್ಕದ ಮನೆಯ ಗಾರ್ಮೆಂಟ್ಸ್ ಹೆಂಗಸಿನ ಕಬ್ಬಿಣದ ಬೀರುವಿನಲ್ಲಿ ಇಡಿಸಿದೆ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಹೊಲಿಗೆ ಕೆಲಸದವಳು ಅವಳು, ಅಚ್ಚುಕಟ್ಟಿನ ಹೆಂಗಸು. ನೈಟಿ, ಫ್ಲಾಸ್ಕು, ಪ್ಯಾಡು ಇತ್ಯಾದಿ ನಮ್ಮ ಮನೆಯ ಚೀಲದ ಪಕ್ಕದಲ್ಲೇ ಒಂದು ಬುಟ್ಟಿಯಲ್ಲಿ. ಮಗುವಿನ ಬಟ್ಟೆಗೆ ಮಾತ್ರ ನಾನು ಒಂದು ತಪ್ಪು ಮಾಡಿದೆ.

ಅಜ್ಜಿಯ ಟ್ರಂಕು ತೆಗೆಸಿದಾಗ ಆ ಆರು ಚೂರುಗಳು ಕಣ್ಣಿಗೆ ಬಿದ್ದವು. ಅವಕ್ಕಿಂತ ಮೆತ್ತನೆಯ ಬಟ್ಟೆ ಊರಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಬೇರೆ ತರಬಹುದಿತ್ತು, ನಮ್ಮ ಮನೆಯಲ್ಲೇ ಹಳೆಯ ಸೀರೆಗಳಿದ್ದವು. ಆದರೆ ನನ್ನೊಳಗೆ ಏನೋ ಹಟ. ಬಟ್ಟೆಗೇನು ಗೊತ್ತು, ಅದರ ತಪ್ಪೇನು ಎಂದುಕೊಂಡು ಅವನ್ನೇ ಮತ್ತೆ ಬಿಸಿನೀರಲ್ಲಿ ಕುದಿಸಿ, ಒಣಗಿಸಿ, ಮಡಿಸಿ ಅಜ್ಜಿಯ ಟ್ರಂಕಿನಲ್ಲೇ ಇಟ್ಟೆ. ಅತ್ತೆಯಮ್ಮನನ್ನು ಕೇಳಲಿಲ್ಲ. ಅವು ಎಂದೋ ಮಣ್ಣಾಗಿವೆ ಎಂದೇ ಅವರು ತಿಳಿದಿದ್ದರು. ಅವರು ಟ್ರಂಕಿನ ಹತ್ತಿರ ಬರುವ ಪ್ರಶ್ನೆಯೇ ಇಲ್ಲ, ತಂದು ತುಂಬುವವಳು ನಾನಲ್ಲವೇ ಎಂಬ ಧೈರ್ಯ.

ಒಂದು ಸಂಜೆ ಏಳೂವರೆಗೆ ಪರೀಕ್ಷೆ ಮಾಡಿದೆ. ಫೋನಿನಲ್ಲಿ ಸಮಯ ನೋಡಿಕೊಂಡು ಓಡಿದೆ. ನಮ್ಮ ಮನೆಯಿಂದ ಚೀಲ ಬುಟ್ಟಿ, ಪಕ್ಕದ ಮನೆಯಿಂದ ಫೈಲು, ಎದುರು ಮನೆಯಿಂದ ಬಟ್ಟೆ. ಆರು ನಿಮಿಷ. ಗಾರ್ಮೆಂಟ್ಸ್ ಹೆಂಗಸು ಸೌಟು ಹಿಡಿದುಕೊಂಡೇ ಬಂದು, "ಏನ್ ಆಶಕ್ಕ, ಒಲಂಪಿಕ್ಸಾ?" ಎಂದು ನಗಾಡಿದಳು. ಆ ದಿನ ನಾನೂ ನಕ್ಕೆ. ಮತ್ತೆ ಎಲ್ಲವನ್ನೂ ಅದರದರ ಮನೆಗೆ ಸೇರಿಸಿ ಬಂದು ಗಂಡನಿಗೆ ನನ್ನ ಜಾಣತನ ಕೊಚ್ಚಿಕೊಂಡೆ.

ಹೆರಿಗೆ ಎಂದರೆ ಕತ್ತಲಾದ ಮೇಲಿನ ಗಡಿಬಿಡಿ ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಕಂಡ ಹೆರಿಗೆಗಳೆಲ್ಲ ಹಾಗೇ. ಹಗಲು ಹತ್ತು ಗಂಟೆಗೆ ನಮ್ಮ ಬೀದಿ ಹೇಗಿರುತ್ತದೆ ಎಂದು ನಾನು ಒಂದು ಸಲವೂ ಯೋಚಿಸಲಿಲ್ಲ.

ಹುಡುಗಿಗೆ ಎಂಟು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ನಾನು ಊರಾಚೆಯ ಓಣಿಯಲ್ಲಿ ಸೊಳ್ಳೆಮರಿ ಹುಡುಕುವ ಲಾರ್ವಾ ಸಮೀಕ್ಷೆಯಲ್ಲಿದ್ದೆ. ಯಾರದೋ ಮನೆಯ ನೀರಿನ ಡ್ರಮ್ಮಿಗೆ ಟಾರ್ಚು ಬಿಟ್ಟು ಬಗ್ಗಿ ನೋಡುತ್ತಿದ್ದಾಗ ಫೋನು ಬಂತು.

"ಆಶಕ್ಕ, ತಲೆ ಸಿಡೀತೈತೆ" ಎಂದಳು ಹುಡುಗಿ. "ಹಿಟ್ಟು ಜರಡಿ ಹಿಡೀತಿದ್ದೆ, ಕಣ್ಮುಂದೆ ಮಿಣಿಮಿಣಿ ಅಂತು. ಈಗ ಅತ್ತೆ ಮುಖಾನೂ ಸರಿಯಾಗಿ ಕಾಣ್ತಿಲ್ಲ."

ಓಡಿದೆ. ಉಪಕೇಂದ್ರದ ನರ್ಸಮ್ಮ ಆ ವಾರ ನನ್ನ ಬಳಿಯೇ ಬಿಟ್ಟಿದ್ದ ಬಿಪಿ ಮೆಷಿನ್ನು ಹೆಗಲ ಚೀಲದಲ್ಲೇ ಇತ್ತು. ಹುಡುಗಿಯ ತೋಳಿಗೆ ಸುತ್ತಿ ಗುಂಡಿ ಒತ್ತಿದೆ. ಮೇಲಿನ ಅಂಕಿ ನೂರಾ ಅರವತ್ತು ದಾಟಿತು. ತಪ್ಪಿರಬಹುದು ಎಂದು ಐದು ನಿಮಿಷ ಬಿಟ್ಟು ಇನ್ನೊಂದು ತೋಳಿಗೆ ಸುತ್ತಿದೆ. ಅದೇ. ಊದಿದ ಕಾಲು ಒತ್ತಿ ನೋಡಿದರೆ ಬೆರಳು ಒತ್ತಿದ ಕುಳಿ ಹಾಗೇ ಉಳಿಯಿತು. ಮಗು ಆಡುತ್ತಿದೆಯೇ ಎಂದು ಕೇಳಿದೆ. "ಬೆಳಿಗ್ಗೆ ಆಡ್ತು, ಆಮೇಲೆ ನಾನು ನೋಡ್ಕೊಳ್ಲಿಲ್ಲ" ಎಂದಳು. ಅವಳ ದನಿ ಕೇಳಿ ಅತ್ತೆಯಮ್ಮ ಕೈಯಲ್ಲಿದ್ದ ಚೊಂಬನ್ನು ಅಲ್ಲೇ ಬಿಟ್ಟರು.

ನೂರೆಂಟಕ್ಕೆ ಫೋನು ಮಾಡಿದೆ. ಗಾಡಿ ಇಪ್ಪತ್ತು ನಿಮಿಷದಲ್ಲಿ ಬರುತ್ತದೆ ಎಂದರು. ಇಪ್ಪತ್ತು ನಿಮಿಷ ನನಗೆ ಧಾರಾಳ, ನನ್ನ ಲೆಕ್ಕ ಆರು ನಿಮಿಷದ್ದು.

ಚೀಲ, ಬುಟ್ಟಿ ಎರಡನ್ನೂ ತಂದೆ. ಪಕ್ಕದ ಮನೆಗೆ ಹೋದರೆ ಬಾಗಿಲಲ್ಲಿ ಬೀಗ. ಕಂಪನಿ ಬಸ್ಸು ಬೆಳಿಗ್ಗೆ ಏಳೂವರೆಗೇ ಅವಳನ್ನು ಕರೆದುಕೊಂಡು ಹೋಗಿತ್ತು. ಫೋನು ಮಾಡಿದೆ, ರಿಂಗಾಗುತ್ತಲೇ ಇತ್ತು. ಅವರ ಕಂಪನಿಯಲ್ಲಿ ಫೋನನ್ನು ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ ಎಂದು ಅವಳೇ ನನಗೆ ನೂರು ಸಲ ಹೇಳಿದ್ದಾಳೆ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಬೀಗವನ್ನು ಹಿಡಿದು ಎರಡು ಸಲ ಜಗ್ಗಿದೆ, ಜಗ್ಗಿದರೆ ತೆರೆಯುತ್ತದೆ ಎಂಬಂತೆ.

ಎದುರು ಮನೆಗೆ ಹಾರಿದೆ. ಅಜ್ಜಿ ಹೊಸಿಲ ಒಳಗೇ ನಿಂತು ಕೈ ಅಡ್ಡ ಹಿಡಿದರು.

"ಬರ್ಬೇಡ ಕಣವ್ವ. ತ್ಯಾಮಗೊಂಡ್ಲಲ್ಲಿ ನಮ್ ಮೈದ್ನ ಹೋಗ್ಬಿಟ್ಟ. ಮೊನ್ನೆಯಿಂದ ನಮಗೆ ಸೂತಕ. ನಾನು ಮುಟ್ಟಿ ಕೊಡಾಕಿಲ್ಲ, ಅದೂ ಬಸುರಿ ಸಾಮಾನ. ಆಮೇಲೆ ಏನಾದ್ರೂ ಆದ್ರೆ ನನ್ ಹಣೇಗೆ ಬರ್ತದೆ."

ಸಾವಿನ ಸುದ್ದಿ ನನಗೆ ಗೊತ್ತಿತ್ತು. ಹನ್ನೊಂದು ದಿನ ಆ ಮನೆಯಿಂದ ಕೊಡುವುದೂ ಇಲ್ಲ, ತರುವುದೂ ಇಲ್ಲ. ಬಟ್ಟೆಯನ್ನು ಬೇರೆ ಕಡೆ ಸಾಗಿಸಬೇಕು ಎಂದು ನಿನ್ನೆಯೇ ಅಂದುಕೊಂಡು, ಸಮೀಕ್ಷೆಯ ಗಡಿಬಿಡಿಯಲ್ಲಿ ನಾಳೆಗೆ ಬಿಟ್ಟಿದ್ದೆ. ಬೀದಿಯ ನಡುವೆ ನಿಂತು ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಪಟ್ಟಿಯ ಕಾಗದವನ್ನು ಮುದ್ದೆ ಮಾಡಿ ಎಸೆದೆ. ಮರುಕ್ಷಣವೇ ಬಗ್ಗಿ ಎತ್ತಿಕೊಂಡೆ.

ಆಂಬುಲೆನ್ಸಿನ ಸದ್ದು ಕೆರೆ ಏರಿಯ ಕಡೆಯಿಂದ ಕೇಳಿತು.

ಹುಡುಗಿಯನ್ನು ಹತ್ತಿಸಿದೆವು. ಜೊತೆಗೆ ಒಬ್ಬರು ಬನ್ನಿ ಎಂದರು ಗಾಡಿಯವರು. ಅತ್ತೆಯಮ್ಮ ಮೆಟ್ಟಿಲ ಮೇಲೆ ಕಾಲಿಟ್ಟಾಗಿತ್ತು. ನಾನು ಅವರ ರಟ್ಟೆ ಹಿಡಿದು ಕೆಳಗಿಳಿಸಿದೆ. ಹಿರಿಯರನ್ನು ಹಾಗೆ ಎಳೆದದ್ದು ಅದೇ ಮೊದಲು. ಕಾರ್ಡು ಇಲ್ಲದೆ ಹೋದರೆ, ಆರು ತಿಂಗಳ ಬಿಪಿ, ಕೊಟ್ಟ ಮಾತ್ರೆ, ಹೋದ ಸಲದ ಕಥೆ ಎಲ್ಲವನ್ನೂ ಡಾಕ್ಟರಿಗೆ ಬಾಯಲ್ಲಿ ಹೇಳಬಲ್ಲವಳು ನಾನೊಬ್ಬಳೇ. ನನ್ನ ಡೈರಿಯಲ್ಲಿ ಅಷ್ಟೂ ಇತ್ತು. ಹಾಗಾದರೆ ಚೀಲ ತುಂಬುವವರು ಯಾರು? ಬೀದಿಯಲ್ಲಿ ಉಳಿದವರು ಒಬ್ಬರೇ.

ನೀಲಿ ಚೀಲವನ್ನು ಅವರ ಕೈಗೆ ಕೊಟ್ಟೆ.

"ಅಕ್ಕ, ಇದನ್ನ ನೀವೇ ತುಂಬ್ಕೊಂಡು ಬರ್ಬೇಕು. ಬುಟ್ಟೀಲಿರೋದು ಹಾಕಿ. ಕಾರ್ಡು ಪಕ್ಕದ ಮನೆ ಬೀರುವಲ್ಲೈತೆ. ಮಗು ಬಟ್ಟೆ ಅಜ್ಜಿ ಟ್ರಂಕಲ್ಲೈತೆ. ಹೆಂಗ್ ತರ್ತೀರೋ ಗೊತ್ತಿಲ್ಲ, ತನ್ನಿ."

ಅವರು ಚೀಲವನ್ನು ಮೈಗೆ ತಾಗದಂತೆ ದೂರ ಹಿಡಿದು ನಿಂತಿದ್ದರು. ಗಾಡಿಯ ಬಾಗಿಲು ಮುಚ್ಚಿತು. ಆಗಲೇ ನನಗೆ ಬಟ್ಟೆಯ ವಿಷಯ ನೆನಪಾದದ್ದು. ಟ್ರಂಕು ತೆಗೆದರೆ ಅವರಿಗೆ ಸಿಗುವುದು ಯಾವ ಬಟ್ಟೆ? ಕಿಟಕಿ ಬಡಿದು ಕೂಗಬೇಕೆನ್ನಿಸಿತು, ಗಾಡಿ ಊರ ಬಾಗಿಲು ದಾಟಿತ್ತು.

ಆಸ್ಪತ್ರೆಯಲ್ಲಿ ಹುಡುಗಿಯನ್ನು ನೇರವಾಗಿ ಒಳಗೆ ಕರೆದುಕೊಂಡರು. "ಕಾರ್ಡೆಲ್ಲಮ್ಮ?" ಎಂದು ನರ್ಸ್ ಕೇಳಿದಳು. "ಬರ್ತಾ ಐತೆ ಸಿಸ್ಟರ್" ಎಂದು ಹೇಳಿ ಡೈರಿ ತೆಗೆದು ಓದತೊಡಗಿದೆ. ಯಾವ ತಿಂಗಳು ಎಷ್ಟು ಬಿಪಿ, ಯಾವ ಮಾತ್ರೆ ಎಂದಿನಿಂದ, ಕೊನೆಯ ಮುಟ್ಟಿನ ತಾರೀಕು, ಹೋದ ಹೆರಿಗೆ ಏನಾಯಿತು. ಕೊನೆಯದನ್ನು ಓದುವಾಗ ಮಾತ್ರ ನಾಲಿಗೆ ತಡವರಿಸಿತು. ಡಾಕ್ಟರಮ್ಮ ಕೇಳುತ್ತಲೇ ಇಂಜೆಕ್ಷನ್ನು ಹೇಳಿದರು, ರಕ್ತ ಪರೀಕ್ಷೆಗೆ ಕಳಿಸಿದರು, ಮಗುವಿನ ಎದೆಬಡಿತ ಕೇಳಿಸಿಕೊಂಡರು. ಬಡಿತ ಇತ್ತು. ಆದರೆ ಕಾಯುವಂತಿಲ್ಲ, ಬಿಪಿ ಹತೋಟಿಗೆ ಬಂದ ಕೂಡಲೇ ಆಪರೇಷನ್ ಮಾಡಿಬಿಡುತ್ತೇವೆ ಎಂದರು. ಹುಡುಗಿಯ ಗಂಡ ದೇವನಹಳ್ಳಿ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸಕ್ಕಿದ್ದವನು, ಬೈಕಿನಲ್ಲಿ ಬಂದು ತಲುಪಿ ಸಹಿ ಹಾಕಿದ. ನಾನು ಹೊರಗೆ ಬಂದೆ.

ಹನ್ನೆರಡೂವರೆಯಾಯಿತು. ಅತ್ತೆಯಮ್ಮನ ಬಳಿ ಫೋನಿಲ್ಲ. ಎದುರು ಮನೆಯ ಅಜ್ಜಿಗೆ ಮಾಡಿದೆ.

"ಬಂದಿದ್ಳು" ಎಂದರು ಅಜ್ಜಿ. "ನಾನು ಮುಟ್ಟಲ್ಲ ಅಂದೆ. ಅವ್ಳೇ ಒಳಕ್ ಬಂದು ಟ್ರಂಕ್ ತೆಗೆದ್ಳು. ತೆಗ್ದು ಹಂಗೇ ನೆಲದ ಮ್ಯಾಲೆ ಕೂತ್ಬಿಟ್ಳು ಕಣೆ."

"ಆಮೇಲೆ? ತಗೊಂಡ್ಲಾ?"

"ಬಾಳ ಹೊತ್ತು ಕೂತಿದ್ಳು. ಆಮೇಲೆ ಎದ್ದೋದ್ಳು. ತಗೊಂಡ್ಲೋ ಬಿಟ್ಳೋ ನಾನು ನೋಡಾಕ್ ಹೋಗ್ಲಿಲ್ಲ. ಅವ್ಳ ಮುಖ ಸರಿ ಇರ್ಲಿಲ್ಲ."

ಫೋನು ಇಟ್ಟ ಮೇಲೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆ ಮೊಗಸಾಲೆಯ ಉದ್ದ ಎಷ್ಟು ಹೆಜ್ಜೆ ಎಂದು ಇವತ್ತಿಗೂ ಹೇಳಬಲ್ಲೆ. ಅವರು ಬರುವುದಿಲ್ಲ ಎಂದು ಒಂದು ಮನಸ್ಸು. ಬಂದರೆ ಬರಿಗೈಯಲ್ಲಿ ಬಂದು ನನ್ನ ಕೆನ್ನೆಗೆ ಬಾರಿಸುತ್ತಾರೆ ಎಂದು ಇನ್ನೊಂದು ಮನಸ್ಸು. ಬಾರಿಸಿದರೆ ನ್ಯಾಯವೇ ಎನ್ನಿಸಿತು. ತೀರಿಹೋದ ಗಂಡನ ಪಂಚೆ, ಕಾಣದೆ ಹೋದ ಮೊಮ್ಮಗು, ಎರಡನ್ನೂ ಹೇಳದೆ ಕೇಳದೆ ಒಂದು ಟ್ರಂಕಿನಲ್ಲಿ ಮಡಿಸಿಟ್ಟು, ಹೋಗಿ ತೆಗೆದುಕೊಂಡು ಬನ್ನಿ ಎಂದು ಕಳಿಸಿದ್ದೆ.

ಒಂದು ಗಂಟೆಗೆ ಆಪರೇಷನ್ ಕೋಣೆಯ ನರ್ಸ್ ಬಾಗಿಲು ತೆಗೆದು ತಲೆ ಹೊರಗೆ ಹಾಕಿದಳು. "ಮಗು ಬಟ್ಟೆ ಕೊಡಿ. ಒರೆಸೋಕೊಂದು, ಸುತ್ತೋಕೊಂದು. ಒಗ್ದಿರೋದು ಬೇಕು. ಅರ್ಧ ಗಂಟೇಲಿ ಶುರು ಮಾಡ್ತಾರೆ."

"ಬರ್ತಾ ಐತೆ ಸಿಸ್ಟರ್" ಎಂದೆ ಮತ್ತೆ.

ಗೇಟಿನ ಹೊರಗೆ ಬಟ್ಟೆಯಂಗಡಿ ಇತ್ತು. ಓಡಿದೆ. ಮಗುವಿನ ಬಿಳಿ ಟವಲು ಕೇಳಿದೆ. ಅಂಗಡಿಯವರು ಎರಡು ತೆಗೆದು ಮುಂದಿಟ್ಟರು. ಕೈಗೆತ್ತಿಕೊಂಡೆ. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಹುಟ್ಟದ ಮಗುವಿಗೆ ಹೊಸ ಬಟ್ಟೆ. ಒಗೆಯದ ಬಟ್ಟೆ ಬೇಡವೆಂದು ನರ್ಸ್ ಹೇಳಿದ್ದಳು ನಿಜ. ಆದರೆ ಆ ಕ್ಷಣದಲ್ಲಿ ನನ್ನ ಕೈ ತಡೆದದ್ದು ಅದಲ್ಲ. ಹಳ್ಳಿ ಹಳ್ಳಿ ಸುತ್ತಿ, ಬಟ್ಟೆಯಿಂದ ಏನೂ ಆಗುವುದಿಲ್ಲ ಎಂದು ಅದೆಷ್ಟೋ ಮನೆಗಳಲ್ಲಿ ಹೇಳಿ ಬಂದವಳು, ಅಂಗಡಿಯ ಮುಂದೆ ಹೆದರಿ ನಿಂತೆ. ನಾನು ಇದನ್ನು ಕೊಂಡರೆ, ಆಮೇಲೆ ಒಳಗೆ ಏನಾದರೂ ಆದರೆ? ಅತ್ತೆಯಮ್ಮನ ಭಯ ಎಂಥದ್ದು ಎಂದು ನನಗೆ ಅಲ್ಲಿ, ಆ ಗಂಜಿ ವಾಸನೆಯಲ್ಲಿ ಗೊತ್ತಾಯಿತು. ಅವರು ಮೂಢರಾಗಿರಲಿಲ್ಲ. ಒಮ್ಮೆ ಪೆಟ್ಟು ತಿಂದವರಾಗಿದ್ದರು.

"ಬೇಡ ಬಿಡಿ" ಎಂದು ಟವಲನ್ನು ವಾಪಸಿಟ್ಟೆ. ಅಂಗಡಿಯವರು ಒಂದು ಥರ ನೋಡಿದರು.

ತಿರುಗಿ ಗೇಟಿಗೆ ಬರುವಾಗ ನನ್ನ ಗುಲಾಬಿ ಸೀರೆಯ ಸೆರಗನ್ನೇ ಹರಿದು ಕೊಡುವುದೋ, ಒಳಗಿನ ಬಾಣಂತಿಯರಲ್ಲಿ ಯಾರನ್ನಾದರೂ ಬೇಡುವುದೋ ಎಂದು ಯೋಚಿಸುತ್ತಿದ್ದೆ. ಆಗ ಒಂದು ಆಟೋ ನನ್ನ ಕಾಲ ಹತ್ತಿರವೇ ನಿಂತಿತು. ಅದರಿಂದ ಮೊದಲು ನೀಲಿ ಚೀಲ ಇಳಿಯಿತು, ಆಮೇಲೆ ಅತ್ತೆಯಮ್ಮ. ಅವರ ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಉಟ್ಟ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು.

"ಸೂತಕದ್ ಮನೆ ಹೊಕ್ಕಿದ್ನಲ್ಲ, ಎರಡು ಕೊಡ ತಲೆ ಮ್ಯಾಲೆ ಹುಯ್ಕೊಂಡೆ" ಎಂದರು ನನ್ನ ನೋಟಕ್ಕೆ. "ಬಟ್ಟೆಗೂ ತುಳಸಿ ನೀರು ಚಿಮುಕಿಸ್ದೆ. ಅಷ್ಟೊತ್ಗೆ ಬಸ್ ಹೊಂಟೋಯ್ತು."

"ಕಾರ್ಡು ಅಕ್ಕ?"

"ಐತೆ. ಬೀಗ ಒಡ್ದೆ. ಗುಂಡುಕಲ್ಲಲ್ಲಿ ನಾಕೇಟು. ಬೀರು ಕೀ ಅವಳು ಅಕ್ಕಿ ಡಬ್ಬದ ಹಿಂದೆ ಇಡೋದು ನಂಗೊತ್ತಿಲ್ವಾ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಅಲ್ಲೇ ಗೇಟಿನ ಬಳಿ ಬಗ್ಗಿ ಚೈನು ಎಳೆದರು. ಎಲ್ಲಕ್ಕಿಂತ ಮೇಲೆ, ಹಸಿರು ಅಂಚಿನ ಪಂಚೆಯ ಆರು ಚೂರು. "ಅಕ್ಕ, ಅದು..." ಎಂದೆ.

ಅವರು ನನ್ನ ಮಾತನ್ನು ಕೇಳಿಸಿಕೊಳ್ಳದವರಂತೆ ಎರಡು ಚೂರು ಎತ್ತಿ ನನ್ನ ಕೈಗೆ ತುರುಕಿದರು. "ಒಗ್ದಿದ್ದಾವೆ. ಓಡು, ಕೊಡು" ಎಂದರು.

ಎರಡೂಕಾಲಿಗೆ ಒಳಗಿನಿಂದ ಅಳು ಕೇಳಿತು. ಮೊದಲು ಸಣ್ಣಗೆ, ಬೆಕ್ಕಿನ ಮರಿಯಂತೆ, ಆಮೇಲೆ ಸರಿಯಾಗಿ. ಹುಡುಗಿಯ ಗಂಡ ಗೋಡೆಗೆ ಹಣೆ ಹಚ್ಚಿ ನಿಂತ. ಅತ್ತೆಯಮ್ಮ ಏನೂ ಮಾಡಲಿಲ್ಲ, ಬೆಂಚಿನ ಮೇಲೆ ಚೀಲವನ್ನು ಅಪ್ಪಿಕೊಂಡು ಕೂತೇ ಇದ್ದರು. ಅಳು ನಿಲ್ಲದಿರಲಿ ಎಂದು ಕಾಯುತ್ತಿದ್ದವರಂತೆ ಅವರ ಕಿವಿ ಆ ಬಾಗಿಲಿಗೇ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ನರ್ಸ್ ಹೆಣ್ಣುಮಗುವನ್ನು ತಂದು ಅವರ ಮುಂದೆ ಹಿಡಿದಳು. ಪುಟ್ಟ ಗಲ್ಲದ ಕೆಳಗೆ ಹಸಿರು ಗೆರೆ ಅಡ್ಡ ಹಾದಿತ್ತು. ಅತ್ತೆಯಮ್ಮ ಮಗುವನ್ನು ಮುಟ್ಟುವ ಮೊದಲು ಆ ಗೆರೆಯನ್ನು ಬೆರಳಿಂದ ಸವರಿದರು.

ಹುಡುಗಿಯ ಬಿಪಿ ಇಳಿಯಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ನನ್ನ ಜೀವ ಕೈಯಲ್ಲಿರಲಿಲ್ಲ. ಗಾರ್ಮೆಂಟ್ಸ್ ಹೆಂಗಸು ನೋಡಲು ಬಂದವಳು ಮುರಿದ ಬೀಗವನ್ನು ಕೈಚೀಲದಲ್ಲಿ ತಂದು ಅತ್ತೆಯಮ್ಮನಿಗೆ ತೋರಿಸಿದಳು. "ನಾನು ಕಳ್ರು ಅಂದ್ಕೊಂಡೆ ದೊಡ್ಡವ್ವ. ಒಳಗೋಗಿ ನೋಡಿದ್ರೆ ಕಾರ್ಡೊಂದೇ ಇಲ್ಲ, ಒಡವೆ ಹಂಗೇ ಐತೆ. ಇದೆಂಥಾ ಕಳ್ಳಿ ಅಂತ!" ವಾರ್ಡೆಲ್ಲ ನಕ್ಕಿತು. ಹುಡುಗಿ ಹೊಲಿಗೆ ಹಿಡಿದುಕೊಂಡು, "ನಗಿಸ್ಬೇಡಿ, ನೋಯ್ತೈತೆ" ಎಂದು ಗೋಗರೆದಳು.

ಆರನೇ ದಿನ ಮನೆಗೆ ಹೋಗಬಹುದು ಎಂದರು. ನಾನು ಹೋಗುವ ಹೊತ್ತಿಗೆ ಅತ್ತೆಯಮ್ಮ ಮಂಚದ ಮೇಲೆ ಚೀಲ ತೆರೆದಿಟ್ಟುಕೊಂಡು ತುಂಬುತ್ತಿದ್ದರು. ಅದನ್ನು ತುಂಬುವುದು ಎನ್ನುವುದಕ್ಕಿಂತ ತುರುಕುವುದು ಎನ್ನಬೇಕು. ನೈಟಿಯ ಸುರುಳಿ, ಫ್ಲಾಸ್ಕು, ಅರ್ಧ ಸೋಪು, ಒದ್ದೆ ಬಟ್ಟೆಗಳ ಗಂಟು. ನನ್ನ ಕೈ ತಡೆಯಲಿಲ್ಲ. "ಕೊಡಿ ಅಕ್ಕ, ಮಡಿಸಿಡ್ತೀನಿ" ಎಂದು ಮುಂದಾದೆ.

"ಮುಟ್ಬೇಡ" ಎಂದರು.

ಕೈ ಹಿಂದೆಗೆದುಕೊಂಡೆ. ಆರು ದಿನದಿಂದ ಹೊತ್ತು ತಿರುಗಿದ್ದ ಮಾತು ಆಗ ತಾನಾಗಿ ಹೊರಗೆ ಬಂತು. "ತಪ್ಪಾಯ್ತು ಅಕ್ಕ. ಆ ಬಟ್ಟೆ ನಿಮ್ಮನ್ನ ಕೇಳ್ದೆ ಇಟ್ಕೊಂಡಿದ್ದೆ, ಕೇಳ್ದೆ ತಿರ್ಗಾ ತೆಗೆದೆ."

ಅವರು ಗಂಟಿನಿಂದ ಒಂದು ಚೂರು ಎಳೆದು ಬೆಳಕಿಗೆ ಹಿಡಿದರು. ಹಸಿರು ಅಂಚಿನ ಪಕ್ಕದಲ್ಲೇ ಹಳದಿ ಕಲೆ, ಹಾಲು ಕಕ್ಕಿದ ಗುರುತು.

"ಟ್ರಂಕಲ್ಲಿ ನೋಡ್ದಾಗ ನಿನ್ನ ಕೊಂದೇ ಬಿಡ್ಬೇಕು ಅನ್ನಿಸ್ತು. ನಿಜ ಹೇಳ್ತೀನಿ" ಎಂದರು. "ನಿನ್ ಮಾತಿರ್ಲಿ, ಆ ಬಟ್ಟೆ ಮಡಿಕೆ ನೋಡಿ ಹೊಟ್ಟೆ ಉರೀತು. ಹೋದ್ ಸಲ ಹೋಗಿದ್ದು ಹಂಗೇ, ಬಂದಿದ್ದೂ ಹಂಗೇ. ಒಂದ್ ಮಡಿಕೆ ಬಿಚ್ಚಿರ್ಲಿಲ್ಲ." ಆ ಚೂರನ್ನು ಮೂಗಿನ ಹತ್ತಿರ ಒಯ್ದು ಮುಖ ಸಿಂಡರಿಸಿದರು. "ಈಗ ನೋಡು, ಹೆಂಗ್ ನಾರ್ತೈತೆ."

ನಾರುತ್ತದೆ ಎನ್ನುವಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಅದಕ್ಕೆ ಮುಂಚೆ ಆ ಮುಖದಲ್ಲಿ ಕಂಡಿರಲಿಲ್ಲ.

ಚೈನು ಅರ್ಧಕ್ಕೆ ಬಂದು ನಿಂತಿತು, ಮುಂದೆ ಹೋಗಲಿಲ್ಲ. ಹುಡುಗಿ ಮಗುವನ್ನೆತ್ತಿಕೊಂಡು ಮೆಲ್ಲಗೆ ಎದ್ದಳು, ಅವಳ ಗಂಡ ಹೊರಗೆ ಕಾರು ತಂದು ನಿಲ್ಲಿಸಿದ್ದ. ನಾನು ಅಭ್ಯಾಸಬಲದಿಂದ ಚೀಲದ ಹಿಡಿಗೆ ಕೈ ಹಾಕಿದೆ. ಅತ್ತೆಯಮ್ಮ ನನ್ನ ಕೈ ಸರಿಸಿ, ಬಾಯಿ ಬಿಟ್ಟುಕೊಂಡಿದ್ದ ಆ ಚೀಲವನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡರು.

"ಬಿಡು, ಹೋದ್ ಸಲ ನೀನು ತಂದಿದ್ದೆ. ಈ ಸಲ ನಾನು ಹೊತ್ಕೊಂಡ್ ಬರ್ತೀನಿ" ಎಂದರು. ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ, ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು, "ಏನ್ ಭಾರ ಐತೆ ಕಣೆ!"